ಹೇಳದೆ ಉಳಿದ ಎರಡು ಕಿಲೋ

ಡೈವಿಂಗ್‌ ಸಫಾರಿಗೆ ಹೋಗುವವರು ಬೋಟ್ ಹತ್ತಿದ ಸಂಜೆಯೇ ಒಂದು ಅರ್ಜಿ ತುಂಬಿಕೊಡಬೇಕು. ಅದರಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಈವರೆಗೆ ಎಷ್ಟು ಡೈವ್ ಮಾಡಿದ್ದೀರಿ? ಕೊನೆಯ ಡೈವ್ ಯಾವಾಗ? ಮಾಲ್ಡೀವ್ಸ್‌ನ ಮಾಲೆಯಲ್ಲಿ ಬೋಟ್ ಹತ್ತಿದ ಆ ಸಂಜೆ ನಾನು ಎರಡಕ್ಕೂ ನಿಜ ಬರೆಯಲಿಲ್ಲ. ಲಾಗ್‌ಬುಕ್ಕಿನಲ್ಲಿದ್ದ ಸಂಖ್ಯೆಯನ್ನು ಸ್ವಲ್ಪ ಏರಿಸಿದೆ. ಕೊನೆಯ ಡೈವಿನ ತಾರೀಕಿನ ಜಾಗದಲ್ಲಿ ‘ಕಳೆದ ಸೀಸನ್’ ಎಂದು ಬರೆದೆ. ಅದಕ್ಕೂ ಹಿಂದಿನ ಸೀಸನ್ ಆಗಿತ್ತು ಅದು. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನ್ನಿಸಲೇ ಇಲ್ಲ. ಮೇಜಿನ ಸುತ್ತ ಕೂತವರೆಲ್ಲ ಕೆಂಪು ಸಮುದ್ರ, ಕೊಮೊಡೊ, ಸಿಮಿಲಾನ್ ಎಂದು ಮಾತಾಡಿಕೊಳ್ಳುತ್ತಿದ್ದರು. ಅವರ ನಡುವೆ ಚಿಕ್ಕವಳಾಗಿ ಕಾಣುವುದು ನನಗೆ ಬೇಕಿರಲಿಲ್ಲ, ಅಷ್ಟೇ.

ಗಂಗೊಳ್ಳಿ ಬಂದರಿನಿಂದ ಬೆಳಗಿನ ಜಾವ ಹೊರಡುವ ಬೋಟುಗಳ ಎಂಜಿನ್ ಸದ್ದು ಕೇಳುತ್ತ ಬೆಳೆದವಳು ನಾನು. ಕಡಲು ನನಗೆ ಹೊಸತಲ್ಲ ಎಂಬ ಅಭಿಮಾನ ಬಹಳ ಇತ್ತು. ಆದರೆ ಕಡಲ ದಂಡೆಯಲ್ಲಿ ಬೆಳೆದವರು ಕಡಲೊಳಗಿನದನ್ನೂ ಬಲ್ಲರು ಎಂದೇನಿಲ್ಲ. ನಾನು ಡೈವಿಂಗ್ ಕಲಿತದ್ದು ನಲವತ್ತು ದಾಟಿದ ಮೇಲೆ, ಮುರುಡೇಶ್ವರದಿಂದ ಹೋಗುವ ನೇತ್ರಾಣಿಯಲ್ಲಿ. ‘ಎಂತಕ್ ಬೇಕಾಯ್ತ್ ಮಗಾ ಇದೆಲ್ಲ’ ಎಂದು ಅಮ್ಮ ಕೇಳಿದ್ದಳು. ನೇತ್ರಾಣಿಯಲ್ಲಿ ನನ್ನ ಕೆಲಸವನ್ನೆಲ್ಲ ಬೇರೆಯವರೇ ಮಾಡಿಕೊಡುತ್ತಿದ್ದರು. ಟ್ಯಾಂಕಿಗೆ ಉಸಿರಾಟದ ರೆಗ್ಯುಲೇಟರ್ ಜೋಡಿಸುವುದು, ಗಾಳಿ ತುಂಬಿ, ಬಿಟ್ಟು ತೇಲುವಿಕೆ ಹೊಂದಿಸುವ ಬಿಸಿಡಿ ಜಾಕೆಟ್ ಬಿಗಿಯುವುದು, ಮುಳುಗಲು ಸೊಂಟಕ್ಕೆ ಎಷ್ಟು ಸೀಸ ಕಟ್ಟಬೇಕೆಂದು ತೀರ್ಮಾನಿಸುವುದು ಎಲ್ಲವೂ ಅವರದೇ. ನಾನು ನೀರಿಗೆ ಉರುಳುತ್ತಿದ್ದೆ, ಹಗ್ಗ ಹಿಡಿದು ಇಳಿಯುತ್ತಿದ್ದೆ, ಮೀನು ನೋಡಿ ಮೇಲೆ ಬರುತ್ತಿದ್ದೆ. ನನ್ನ ದೇಹಕ್ಕೆ, ನನ್ನ ಸೂಟಿಗೆ ಎಷ್ಟು ಭಾರ ಬೇಕು ಎಂದು ನಾನು ಕೇಳಿದ್ದೇ ಇಲ್ಲ.

ಲಿವ್‌ಅಬೋರ್ಡ್ ಎಂಬುದು ಇಂಥ ಡೈವಿಂಗ್ ಸಫಾರಿಯ ಇನ್ನೊಂದು ಹೆಸರು, ವಾರವಿಡೀ ಬೋಟಿನಲ್ಲೇ ವಾಸ. ಅಲ್ಲೇ ಊಟ, ಅಲ್ಲೇ ನಿದ್ದೆ, ದಿನಕ್ಕೆ ಮೂರೋ ನಾಲ್ಕೋ ಡೈವ್. ದಡದ ರೆಸಾರ್ಟಿನಿಂದ ತಲುಪಲಾಗದ ಜಾಗಗಳಿಗೆ ಬೋಟ್ ಸರಿಯುತ್ತ ಹೋಗುತ್ತದೆ. ಮಾಲ್ಡೀವ್ಸ್‌ನಲ್ಲಿ ದೊಡ್ಡ ಬೋಟಿನ ಜೊತೆ ಒಂದು ದೋಣಿಯೂ ಇರುತ್ತದೆ. ಟ್ಯಾಂಕು, ಕಂಪ್ರೆಸರ್, ಎಲ್ಲರ ಸಾಮಾನು ಅದರಲ್ಲಿ. ನೀರಿಗೆ ಇಳಿಯುವುದೂ ಅದರಿಂದಲೇ. ಇಂಥ ಪ್ರವಾಸದಲ್ಲಿ ಮರೆತ ವಸ್ತುವಿಗೆ ಅಂಗಡಿ ಇಲ್ಲ. ಹಾಗಾಗಿ ಎಲ್ಲವೂ ನನ್ನದೇ ಇರಲಿ, ಎಲ್ಲವೂ ಹೊಸದಿರಲಿ ಎಂದು ನಾನು ಲೆಕ್ಕ ಹಾಕಿದೆ. ಹೊಸ ಬಿಸಿಡಿ, ಹೊಸ ಮಾಸ್ಕ್, ಹೊಸ ಡೈವ್ ಕಂಪ್ಯೂಟರ್, ಐದು ಮಿಲಿಮೀಟರಿನ ಹೊಸ ವೆಟ್‌ಸೂಟ್ ಕೊಂಡೆ. ಅಲ್ಲಿನ ನೀರು 27ರಿಂದ 30 ಡಿಗ್ರಿ. ಬಹಳ ಜನಕ್ಕೆ ಮೂರು ಮಿಲಿಮೀಟರ್ ಸಾಕು. ಆದರೆ ದಿನಕ್ಕೆ ನಾಲ್ಕು ಡೈವ್ ಆದಾಗ ಮೈ ಕೊರೆಯುತ್ತದೆ ಎಂದು ಯಾರೋ ಹೇಳಿದ್ದರು. ಆ ಮಾತು ಸುಳ್ಳಲ್ಲ. ಸೂಟು ದಪ್ಪವಾದಷ್ಟೂ ಮೈಯನ್ನು ಮೇಲಕ್ಕೆ ತೇಲಿಸುತ್ತದೆ, ಅದಕ್ಕೆ ಸರಿಯಾಗಿ ಸೀಸವನ್ನೂ ಹೆಚ್ಚಿಸಬೇಕು ಎಂಬ ಉಳಿದರ್ಧ ನನ್ನ ಕಿವಿಗೆ ಬೀಳಲಿಲ್ಲ. ಬೆಂಗಳೂರಿನ ಮನೆಯಲ್ಲಿ ಅದನ್ನೆಲ್ಲ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಈಜುಕೊಳಕ್ಕೂ ಒಯ್ಯಲಿಲ್ಲ. ಅವೆಲ್ಲ ಮೊದಲ ಸಲ ನೀರು ಕಂಡದ್ದು ಹಿಂದೂ ಮಹಾಸಾಗರದಲ್ಲಿ.

ಮೊದಲ ದಿನ ಚೆಕ್ ಡೈವ್. ಸೆಳೆತವಿಲ್ಲದ ತಿಳಿನೀರಿನಲ್ಲಿ ಎಲ್ಲರನ್ನೂ ಇಳಿಸಿ, ಯಾರು ಹೇಗೆ ಈಜುತ್ತಾರೆ, ಯಾರ ಸಾಮಾನು ಹೇಗಿದೆ ಎಂದು ಗೈಡ್ ನೋಡುವ ಡೈವ್ ಅದು. ನನ್ನ ಮಾಸ್ಕ್ ಮೊದಲ ನಿಮಿಷದಿಂದಲೇ ಮಂಜುಗಟ್ಟಿತು. ಹೊಸ ಮಾಸ್ಕಿನ ಗಾಜಿನ ಮೇಲೆ ತಯಾರಿಕೆಯಲ್ಲಿ ಕೂತ ತೆಳು ಪದರವಿರುತ್ತದೆ, ಅದನ್ನು ಟೂತ್‌ಪೇಸ್ಟಿನಿಂದ ಚೆನ್ನಾಗಿ ಉಜ್ಜಿ ತೆಗೆಯಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಅದು ಸಣ್ಣ ವಿಷಯ, ಸಂಜೆಯೇ ಸರಿಹೋಯಿತು. ದೊಡ್ಡದು ಕೊನೆಯಲ್ಲಿ ಬಂತು. ಮೇಲೆ ಬರುವ ಮುನ್ನ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು. ನನಗೆ ನಿಲ್ಲಲಾಗಲಿಲ್ಲ. ಮೈ ಮೇಲಕ್ಕೇ ಎಳೆಯುತ್ತಿತ್ತು. ಅಲ್ಯೂಮಿನಿಯಂ ಟ್ಯಾಂಕಿನಲ್ಲಿ ತುಂಬಿದ ಗಾಳಿಯೇ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಅದನ್ನು ಉಸಿರಾಡುತ್ತ ಹೋದಂತೆ ಟ್ಯಾಂಕು ಹಗುರಾಗಿ ನಮ್ಮನ್ನು ತೇಲಿಸತೊಡಗುತ್ತದೆ. ಡೈವಿನ ಆರಂಭದಲ್ಲಿ ಸಾಕೆನಿಸಿದ ಸೀಸ ಕೊನೆಯಲ್ಲಿ ಸಾಲದೆ ಹೋಗುವುದು ಇದರಿಂದ. ತಲೆ ಕೆಳಗೆ ಮಾಡಿ ಫಿನ್ ಬಡಿಯುತ್ತ, ಪಕ್ಕದ ಸತ್ತ ಹವಳದ ಬಂಡೆಯೊಂದನ್ನು ಹಿಡಿದು ಆ ಮೂರು ನಿಮಿಷ ಹೇಗೋ ಕಳೆದೆ.

ದೋಣಿಗೆ ಮರಳಿದ ಮೇಲೆ ಗೈಡ್ ಒಬ್ಬೊಬ್ಬರನ್ನೂ ಕೇಳುತ್ತ ಬಂದ. ಮಾಲ್ಡೀವ್ಸ್‌ನವನೇ, ಮಾತು ಕಡಿಮೆ. ‘ಸೀಸ ಸಾಕಾಯಿತೇ?’ ಎಂದ. ಎದುರಿಗೆ ಪುಣೆಯ ದಂಪತಿ ಕೂತಿದ್ದರು, ಇಬ್ಬರೂ ಅರವತ್ತು ದಾಟಿದವರು, ನನ್ನದೇ ಗುಂಪಿನವರು. ಆಕೆ ನನ್ನ ‘ಬಡ್ಡಿ’, ಎಂದರೆ ನೀರೊಳಗೆ ನನ್ನ ಜೋಡಿ. ‘ಸಾಕಾಯಿತು’ ಎಂದೆ. ಇನ್ನೆರಡು ಕಿಲೋ ಬೇಕು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಸೀಸದ ತುಂಡುಗಳ ಪೆಟ್ಟಿಗೆ ನನ್ನ ಕಾಲ ಬುಡದಲ್ಲೇ ಇತ್ತು.

ಮೂರನೆಯ ದಿನದ ಮುಂಜಾವಿಗೆ ‘ಫೊತ್ತೆಯೋ ಕಂಡು’. ಕಂಡು ಎಂದರೆ ಅಲ್ಲಿಯವರ ಮಾತಿನಲ್ಲಿ ಕಾಲುವೆ. ವಾವು ಅಟಾಲಿನ ಪೂರ್ವ ಅಂಚಿನ ಆ ಕಾಲುವೆಗೆಂದೇ ಬಹಳ ಜನ ಮಾಲ್ಡೀವ್ಸ್‌ಗೆ ಬರುತ್ತಾರೆ. ನಮ್ಮ ಗಂಗೊಳ್ಳಿಯ ಅಳಿವೆಯನ್ನು ನೆನೆಸಿಕೊಂಡರೆ ಅಲ್ಲಿಯ ನೀರಿನ ನಡೆ ಅರ್ಥವಾಗುತ್ತದೆ: ಭರತದಲ್ಲಿ ಇಡೀ ಕಡಲು ಒಂದು ಇಕ್ಕಟ್ಟಾದ ಬಾಗಿಲಿನಿಂದ ಒಳನುಗ್ಗಲು ನೋಡುತ್ತದೆ. ಅಟಾಲ್ ಎಂದರೆ ಉಂಗುರದಂಥ ಹವಳದ್ವೀಪಗಳ ಸಮೂಹ, ಸುತ್ತಲೂ ಹವಳದ ಗೋಡೆ, ನಡುವೆ ಅಲ್ಲಲ್ಲಿ ಇಂಥ ಬಾಗಿಲು. ಅಲ್ಲಿಯವರು ಇರುವೈ ಎನ್ನುವ ಈಶಾನ್ಯ ಮಾರುತದ ತಿಂಗಳುಗಳಲ್ಲಿ ಸಾಗರದ ತಿಳಿನೀರು ಪೂರ್ವದ ಬಾಗಿಲುಗಳಿಂದ ಒಳಗೆ ಹರಿಯುತ್ತದೆ. ಆ ಸೆಳೆತಕ್ಕೆ ಮುಖಮಾಡಿ ಬೂದು ಶಾರ್ಕುಗಳು ಬಾಗಿಲಲ್ಲಿ ನಿಂತಿರುತ್ತವೆ. 2010ರಲ್ಲಿ ಇಡೀ ದೇಶದಲ್ಲಿ ಶಾರ್ಕ್ ಹಿಡಿಯುವುದನ್ನು ನಿಲ್ಲಿಸಿದವರು ಮಾಲ್ಡೀವ್ಸ್‌ನವರು. ಈಗ ಅವನ್ನು ನೋಡಲು ಮಾಡಬೇಕಾದದ್ದು ಇಷ್ಟೇ: ಹೊರಗಿನ ನೀಲಿ ನೀರಿನಲ್ಲಿ ಇಳಿದು, ಗೋಡೆಯ ಮೂಲೆ ತಲುಪಿ, ಜೀವವಿಲ್ಲದ ಕಲ್ಲಿಗೆ ರೀಫ್ ಹುಕ್ ಎಂಬ ದಾರ ಕಟ್ಟಿದ ಕೊಕ್ಕೆ ಸಿಕ್ಕಿಸಿ, ದಾರದ ತುದಿಯಲ್ಲಿ ಗಾಳಿಪಟವಾಗಿ ನಿಲ್ಲುವುದು. ಒಂದೇ ಷರತ್ತು, ನೀರಿಗೆ ಬಿದ್ದ ಕ್ಷಣವೇ ಕೆಳಗಿಳಿಯಬೇಕು. ಮೇಲೆ ತಡೆದರೆ ಸೆಳೆತ ನಮ್ಮನ್ನು ಬಾಗಿಲು ದಾಟಿಸಿ ಒಳಗೆ ಕೊಂಡೊಯ್ಯುತ್ತದೆ. ಅದಕ್ಕೇ ಬಿಸಿಡಿಯ ಗಾಳಿಯನ್ನೆಲ್ಲ ಮೊದಲೇ ಬಿಟ್ಟು ಹಿಂದಕ್ಕೆ ಉರುಳುವುದು. ಹಿಂದಿನ ರಾತ್ರಿ ಗೈಡ್ ಇದನ್ನು ಬಿಳಿ ಹಲಗೆಯ ಮೇಲೆ ಚಿತ್ರ ಬರೆದು ತಿಳಿಸಿದ್ದ. ‘ಎಲ್ಲರಿಗೂ ಇದು ಅಭ್ಯಾಸವಿದೆ ತಾನೆ?’ ಎಂದು ಕೇಳಿದ್ದ. ಎಲ್ಲರ ಜೊತೆ ನಾನೂ ತಲೆ ಆಡಿಸಿದ್ದೆ.

ಎಣಿಸಿದ ಕೂಡಲೇ ಉರುಳಿದೆವು. ಗುಳ್ಳೆಗಳು ಸರಿದಾಗ ಗೈಡ್, ದಂಪತಿ ಮೂವರೂ ನನ್ನ ಕೆಳಗಿದ್ದರು. ನಾನು ಮೇಲೇ ಇದ್ದೆ. ಎದೆ ಬಡಿದುಕೊಳ್ಳುತ್ತಿತ್ತು, ಶ್ವಾಸಕೋಶ ತುಂಬ ಗಾಳಿ ಎಳೆದುಕೊಂಡು ಬಿಡಲಾಗದೆ ಒದ್ದಾಡುತ್ತಿದ್ದೆ. ಹಾಗೆ ತುಂಬಿದ ಎದೆಯೊಂದೇ ಮನುಷ್ಯನನ್ನು ತೇಲಿಸಲು ಸಾಕು. ಒಣಗಿದ್ದ ಹೊಸ ಸೂಟಿನ ಮಡಿಕೆಗಳಲ್ಲಿ, ಬಿಸಿಡಿಯ ಮೆತ್ತೆಗಳಲ್ಲಿ ಗಾಳಿ ಕೂತಿತ್ತು. ಬಿಸಿಡಿಯೊಳಗೂ ಉಳಿದಿತ್ತು, ಏಕೆಂದರೆ ನಾನು ಗುಂಡಿ ಒತ್ತಿದ್ದೆನೇ ಹೊರತು ಕೊಳವೆಯನ್ನು ತಲೆಯ ಮೇಲಕ್ಕೆ ಎತ್ತಿರಲಿಲ್ಲ. ಗಾಳಿ ಹೊರಹೋಗುವುದು ಎಲ್ಲಕ್ಕಿಂತ ಎತ್ತರದಲ್ಲಿರುವ ಬಾಯಿಂದ ಮಾತ್ರ. ನೇತ್ರಾಣಿಯ ಬಾಡಿಗೆ ಬಿಸಿಡಿಯಲ್ಲಿ ಭುಜದ ಹತ್ತಿರ ಎಳೆಯುವ ದಾರವೊಂದಿತ್ತು, ನನ್ನ ಕೈ ಅದನ್ನೇ ಹುಡುಕುತ್ತಿತ್ತು. ಹೊಸದರಲ್ಲಿ ಅದು ಬೇರೆ ಕಡೆ ಇತ್ತು. ನನ್ನ ಬಡ್ಡಿ ತಿರುಗಿ ನೋಡಿ, ಒಂದು ಕ್ಷಣವೂ ಯೋಚಿಸದೆ ನನಗಾಗಿ ಮೇಲೆ ಬಂದರು. ಅವರ ಹಿಂದೆ ಅವರ ಪತಿ ಬಂದರು. ಕೊನೆಗೆ ಗೈಡೂ ‘ಮೇಲೆ ಹೋಗೋಣ’ ಎಂದು ಹೆಬ್ಬೆರಳಿನ ಸನ್ನೆ ಮಾಡಿ ಡೈವ್ ಮುಗಿಸಿದ. ತಲೆ ಮೇಲೆತ್ತಿದಾಗ ನಾವು ಕಾಲುವೆಯ ಬಾಯಿ ದಾಟಿ ಒಳಗೆ ಬಂದಾಗಿತ್ತು.

ದೋಣಿ ಬಂತು. ಹುಡುಗನೊಬ್ಬ ಬಗ್ಗಿ ನನ್ನ ಫಿನ್ ಈಸಿಕೊಂಡ. ಏಣಿ ಹತ್ತಿ ಕೂತೆ. ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ಎದುರು ಹೇಳಲು ಏನಾದರೂ ಸಿಗುತ್ತಿತ್ತು. ಆಕೆ ನನ್ನ ಬೆನ್ನಿನ ಟ್ಯಾಂಕ್ ಬಿಚ್ಚಲು ನೆರವಾದರು, ‘ಕಿವಿ ನೋವಾಯಿತೇ?’ ಎಂದು ಕೇಳಿದರು. ಕಿವಿ ಸರಿಯಾಗದಿದ್ದರೆ ಯಾರಿಗೂ ಇಳಿಯಲಾಗುವುದಿಲ್ಲ. ಅದು ಗೌರವದ ಕಾರಣ. ಅವರು ಅದನ್ನು ನನ್ನ ಕೈಗೆ ಕೊಟ್ಟರು. ನಾನು ಅದಕ್ಕೂ ತಲೆ ಆಡಿಸಿದೆ. ಆ ಬೆಳಗಿನ ಎಲ್ಲದರಲ್ಲಿ ನನ್ನನ್ನು ಈಗಲೂ ಕಾಡುವುದು ಇದೇ. ಅವರ ದಯೆಯನ್ನೂ ನಾನು ಸುಳ್ಳಿಗೆ ಬಳಸಿಕೊಂಡೆ.

ತಿಂಡಿಯ ಹೊತ್ತಿಗೆ ಇನ್ನೊಂದು ಗುಂಪು ಮರಳಿತು. ಶಾರ್ಕುಗಳನ್ನು ಎಣಿಸಲೇ ಆಗಲಿಲ್ಲವಂತೆ. ಹದ್ದುತೊರಕೆಗಳ ಸಾಲು ತಲೆಯ ಮೇಲೆ ಹಾದುಹೋಯಿತಂತೆ. ಪುಣೆಯವರು ಎಲ್ಲ ಕೇಳಿಸಿಕೊಂಡು ಸಂತೋಷಪಟ್ಟರು, ನಿಜವಾಗಿಯೇ. ಫೋಟೋ ತೋರಿಸಿ ಎಂದರು. ನಾನು ತಟ್ಟೆ ಹಿಡಿದು ಮೇಲಿನ ಅಟ್ಟಕ್ಕೆ ಹೋದೆ.

ಮಧ್ಯಾಹ್ನ ಗೈಡ್ ನನ್ನ ಹತ್ತಿರ ಬಂದು ಕೂತ. ಕಿವಿಯ ಸುದ್ದಿ ಎತ್ತಲಿಲ್ಲ. ‘ಚೆಕ್ ಡೈವಿನಲ್ಲಿ ಬಂಡೆ ಹಿಡಿದಿರಿ. ನಾನು ನೋಡಿದ್ದೆ. ಸಾಕು ಎಂದಿರಿ, ನಂಬಿದೆ. ಅದು ನನ್ನ ತಪ್ಪೂ ಹೌದು’ ಎಂದ. ಆಗ ಎಲ್ಲವನ್ನೂ ಹೇಳಿದೆ: ಸೂಟು ಹೊಸದು, ಬಿಸಿಡಿ ಹೊಸದು, ನೀಲಿ ನೀರಿಗೆ ಹೀಗೆ ಉರುಳಿದ್ದು ಇದೇ ಮೊದಲು. ಅವನು ಅರ್ಜಿಯ ಮಾತು ತೆಗೆದ. ಎಷ್ಟು ಡೈವ್ ಎಂಬ ಸಂಖ್ಯೆಯನ್ನು ತಾನು ಅಷ್ಟಾಗಿ ನೋಡುವುದಿಲ್ಲ, ಕೊನೆಯ ಡೈವ್ ಯಾವಾಗ ಎಂಬುದನ್ನೇ ನೋಡುವುದು ಎಂದ. ನೂರು ಡೈವ್ ಮಾಡಿ ಎರಡು ವರ್ಷ ಬಿಟ್ಟವರಿಗಿಂತ, ಮೂವತ್ತೇ ಮಾಡಿ ಕಳೆದ ತಿಂಗಳು ಇಳಿದವರ ಬಗ್ಗೆ ಅವನಿಗೆ ಚಿಂತೆ ಕಡಿಮೆಯಂತೆ. ನಾನು ಏರಿಸಿ ಬರೆದ ಸಂಖ್ಯೆಯಿಂದ ಯಾರಿಗೂ ಏನೂ ಆಗಿರಲಿಲ್ಲ, ಮರೆಮಾಚಿದ ತಾರೀಕು ಮೂವರ ಡೈವ್ ತಿಂದಿತ್ತು.

ಆಮೇಲೆ ದೋಣಿಯ ಪಕ್ಕದಲ್ಲೇ ನೀರಿಗಿಳಿಸಿ ತೂಕ ನೋಡಿದ. ಬಿಸಿಡಿ ಖಾಲಿ ಮಾಡಿ, ಉಸಿರು ಸಹಜವಾಗಿ ಹಿಡಿದು ಅಲುಗದೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ಮೆಲ್ಲನೆ ಮುಳುಗಬೇಕು. ಟ್ಯಾಂಕಿನಲ್ಲಿ ಗಾಳಿ ಐವತ್ತು ಬಾರ್‌ಗೆ ಇಳಿದಿರುವಾಗ ನೋಡಿದರೆ ಲೆಕ್ಕ ಇನ್ನೂ ಖಚಿತ. ಎರಡು ಕಿಲೋ ಸೇರಿಸಿದ ಮೇಲೆ ಅದು ಕೂಡಿಬಂತು. ಸಂಜೆಯ ಡೈವಿನಲ್ಲಿ ಕಲ್ಲಿನಂತೆ ಇಳಿದೆ, ಐದು ಮೀಟರಿನಲ್ಲಿ ಕೈಕಟ್ಟಿ ನಿಂತೆ. ಆದರೆ ಬೋಟ್ ಅದೇ ರಾತ್ರಿ ಆರಿ ಅಟಾಲಿನ ಕಡೆ ತಿರುಗಿತು. ಫೊತ್ತೆಯೋಗೆ ಎರಡನೆಯ ಅವಕಾಶ ಆ ವಾರದ ಪಟ್ಟಿಯಲ್ಲಿ ಇರಲಿಲ್ಲ. ಆ ದಂಪತಿಗೆ ಕೊನೆಯ ರಾತ್ರಿ ನಿಜ ಹೇಳಿದೆ. ಆತ ‘ಆಗುತ್ತದೆ ಬಿಡಿ’ ಎಂದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದಲೇ ಹೇಳಿದ್ದರೆ ನನ್ನ ಹತ್ತಿರವೇ ಎರಡು ಕಿಲೋ ಹೆಚ್ಚಿತ್ತು’ ಎಂದರು.

ಈಗ ಯಾರಾದರೂ ಮೊದಲ ಸಲ ಲಿವ್‌ಅಬೋರ್ಡಿಗೆ ಹೊರಟಿದ್ದೇವೆ, ಏನು ಕೊಳ್ಳಲಿ ಎಂದು ಕೇಳಿದರೆ ನನಗೆ ಹೇಳಲು ಬಹಳ ಇರುತ್ತದೆ, ಕೊಳ್ಳುವುದರ ಬಗ್ಗೆ ಮಾತ್ರ ಕಡಿಮೆ. ಮಾಸ್ಕ್ ನಿಮ್ಮದಿರಲಿ, ಏಕೆಂದರೆ ಮುಖ ನಿಮ್ಮದು. ಕಂಪ್ಯೂಟರ್ ನಿಮ್ಮದಿರಲಿ, ದಿನಕ್ಕೆ ನಾಲ್ಕು ಡೈವ್ ಎಂದಾಗ ಮೈಯಲ್ಲಿ ಉಳಿಯುವ ನೈಟ್ರೊಜನ್ನಿನ ಲೆಕ್ಕ ಒಬ್ಬೊಬ್ಬರದು ಒಂದೊಂದು, ಬಡ್ಡಿಯ ಕಂಪ್ಯೂಟರ್ ನೋಡಿ ನೀವು ನಡೆಯುವಂತಿಲ್ಲ. ಅದರ ಗುಂಡಿಗಳನ್ನು ಮನೆಯಲ್ಲೇ ಕಲಿಯಿರಿ. ಆಮ್ಲಜನಕ ಹೆಚ್ಚಿಸಿದ ಗಾಳಿಯಾದ ನೈಟ್ರಾಕ್ಸ್‌ನ ತರಬೇತಿ ಪಡೆದಿದ್ದರೆ ಟ್ಯಾಂಕಿನ ಆಮ್ಲಜನಕವನ್ನು ನೀವೇ ಅಳೆದು ಕಂಪ್ಯೂಟರಿಗೆ ತುಂಬಬೇಕು. ಶೇಕಡಾ 32 ಎಂದು ಚೀಟಿ ಇದೆಯೆಂದು ನಂಬಿ ಇಳಿಯಬೇಡಿ. ಕೆಂಪೋ ಕಿತ್ತಳೆಯೋ ಬಣ್ಣದ ಉದ್ದನೆಯ ಮಾರ್ಕರ್ ಬಲೂನು, ಅದರ ಸುರುಳಿದಾರ, ಒಂದು ಸೀಟಿ, ಇವು ಜೇಬಿನಲ್ಲಿರಲಿ. ಸೆಳೆತದ ಕಡಲಲ್ಲಿ ಮೇಲೆ ಬಂದ ತಲೆಯೊಂದು ಅಲೆಗಳ ನಡುವೆ ದೋಣಿಯವರಿಗೆ ಕಾಣುವುದಿಲ್ಲ. ಬಲೂನು ಕೊಂಡರೆ ಸಾಲದು, ನೀರೊಳಗಿಂದ ಬಿಟ್ಟು ನೋಡಿರಬೇಕು. ಅಭ್ಯಾಸವಿಲ್ಲದ ಕೈಗೆ ದಾರ ಸುತ್ತಿಕೊಂಡು ಬಲೂನಿನ ಜೊತೆ ಮನುಷ್ಯನೂ ಮೇಲೆ ಹೋಗಬಹುದು.

ಉಳಿದದ್ದನ್ನು ಬಾಡಿಗೆಗೆ ಪಡೆದರೂ ಅಡ್ಡಿಯಿಲ್ಲ. ಕೊಳ್ಳುವುದಾದರೆ ಪ್ರವಾಸಕ್ಕೆ ತಿಂಗಳುಗಳ ಮೊದಲೇ ಕೊಂಡು ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಕೊನೆಗೆ ಈಜುಕೊಳದಲ್ಲೋ ನೀರು ಕುಡಿಸಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಡೈವಿಂಗ್ ನಿಂತಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಷ್ಟು ಸೀಸ, ಯಾವ ಸೂಟು, ಯಾವ ಟ್ಯಾಂಕು, ಉಪ್ಪುನೀರೋ ಸಿಹಿನೀರೋ ಎಂದು ಪ್ರತಿ ಸಲವೂ ಬರೆದಿಡಿ. ಲಾಗ್‌ಬುಕ್ಕಿನಲ್ಲಿ ಕಂಡ ಮೀನುಗಳ ಹೆಸರಿಗಿಂತ ಆ ಒಂದು ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ. ಗಟ್ಟಿ ಸೂಟ್‌ಕೇಸ್ ಬೇಡ, ಕ್ಯಾಬಿನ್ನಿನಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಮಡಚಿಡುವ ಚೀಲ ಸಾಕು. ಫಿನ್ನಿನ ಪಟ್ಟಿ, ಓ-ರಿಂಗು, ಕೇಬಲ್ ಟೈ ಒಂದು ಡಬ್ಬಿಯಲ್ಲಿರಲಿ. ನಲವತ್ತೈದು ದಾಟಿದವರು ಮಾಸ್ಕಿನ ಕೆಳಅಂಚಿಗೆ ಅಂಟಿಸುವ ಓದುವ ಮಸೂರದ ಬಗ್ಗೆ ವಿಚಾರಿಸಿ. ಗಾಳಿ ಎಷ್ಟಿದೆ ಎಂಬ ಅಂಕಿಯೇ ಕಾಣದೆ ಅಂದಾಜಿನ ಮೇಲೆ ‘ಸರಿ’ ಎಂದು ಬೆರಳು ತೋರಿಸುವವರನ್ನು ನಾನು ನೋಡಿದ್ದೇನೆ. ಪ್ರತಿ ಡೈವಿನ ನಂತರ ಕಿವಿಯನ್ನು ಸಿಹಿನೀರಿನಿಂದ ತೊಳೆದು ಒಣಗಿಸಿ. ವಾರದ ಮಧ್ಯದಲ್ಲಿ ಕಿವಿ ಕೆಟ್ಟರೆ ಉಳಿದ ದಿನವೆಲ್ಲ ಅಟ್ಟದ ಮೇಲೆ ಕೂರಬೇಕಾಗುತ್ತದೆ. ಕೊನೆಯ ಡೈವಿಗೂ ವಿಮಾನಕ್ಕೂ ನಡುವೆ 18 ಗಂಟೆಗಿಂತ ಕಡಿಮೆ ಇರಬಾರದು, ಪೂರ್ತಿ ಒಂದು ದಿನವಿದ್ದರೆ ಒಳ್ಳೆಯದು. ಟಿಕೆಟ್ ತೆಗೆಯುವಾಗಲೇ ಇದನ್ನು ನೋಡಿಕೊಳ್ಳಿ.

ಬಾಯಿ ಬಿಡಲು ನಾಚುವವರು ಬೋಟಿನವರನ್ನು ಪ್ರಶ್ನೆ ಕೇಳಲೂ ನಾಚುತ್ತಾರೆ. ಆ ವಾರ ನಾನು ಏನೂ ಕೇಳಿರಲಿಲ್ಲ, ಲೈಫ್ ಜಾಕೆಟ್ ಎಲ್ಲಿದೆ ಎಂದು ಕೂಡ. ಕೇಳಲೇಬೇಕೆಂದು ಅರಿವಾದದ್ದು ಒಂದು ದುರಂತದ ಬಗ್ಗೆ ಓದಿದ ಮೇಲೆ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ ‘ಕನ್ಸೆಪ್ಷನ್’ ಎಂಬ ಡೈವಿಂಗ್ ಬೋಟಿಗೆ ಬೆಂಕಿ ಬಿದ್ದು, ಕೆಳಗಿನ ಕೋಣೆಯಲ್ಲಿ ಮಲಗಿದ್ದ 34 ಮಂದಿ ತೀರಿಕೊಂಡರು. ಅಲ್ಲಿಂದ ಹೊರಬರಲು ಎರಡು ದಾರಿಗಳಿದ್ದವು. ಎರಡೂ ತೆರೆದುಕೊಳ್ಳುತ್ತಿದ್ದದ್ದು ಮೇಲಿನ ಒಂದೇ ಹಜಾರಕ್ಕೆ, ಉರಿಯುತ್ತಿದ್ದದ್ದು ಅದೇ ಹಜಾರ. ರಾತ್ರಿ ಎಚ್ಚರವಿದ್ದು ಬೋಟಿನಲ್ಲಿ ಸುತ್ತು ಹಾಕುವವರು ಯಾರೂ ಇರಲಿಲ್ಲ ಎಂದು ತನಿಖೆ ಹೇಳಿತು. ಅದನ್ನು ಓದಿದಂದಿನಿಂದ ನಾನು ಬೋಟ್ ಹತ್ತಿದ ಕೂಡಲೇ ಚೀಲವನ್ನೂ ಬಿಚ್ಚದೆ ಕ್ಯಾಬಿನ್ನಿನ ಎರಡನೆಯ ದಾರಿ ಯಾವುದು, ಅದು ಎಲ್ಲಿಗೆ ಹೋಗುತ್ತದೆ ಎಂದು ನಡೆದು ನೋಡುತ್ತೇನೆ. ರಾತ್ರಿ ಕಾವಲು ಯಾರದು ಎಂದು ಕೇಳುತ್ತೇನೆ. ಟಾರ್ಚಿನ, ಕ್ಯಾಮೆರಾದ ಲಿಥಿಯಂ ಬ್ಯಾಟರಿಗಳನ್ನು ಹಗಲು, ಕಣ್ಣೆದುರಿಗೇ ಚಾರ್ಜ್ ಮಾಡುತ್ತೇನೆ. ಈ ಪ್ರಶ್ನೆಗಳಿಗೆ ಒಳ್ಳೆಯ ಬೋಟಿನವರು ಬೇಸರಿಸಿದ್ದನ್ನು ನಾನು ಕಂಡಿಲ್ಲ. ಬೇಸರಿಸುವವರ ಬೋಟಿನಲ್ಲಿ ಮಲಗಲು ಈಗ ನನಗೆ ಮನಸ್ಸಿಲ್ಲ.

ಅರ್ಜಿಯಲ್ಲಿ ಈಗ ತಾರೀಕು ಸರಿಯಾಗಿ ಬರೆಯುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಮೊದಲ ಸಂಜೆ ಊಟದ ಮೇಜಿನಲ್ಲಿ ನನಗೆ ಬಡ್ಡಿಯಾಗುವವರ ಪಕ್ಕ ಕೂತು ನನ್ನ ಕೊರತೆಗಳನ್ನು ಹೇಳಿಬಿಡುತ್ತೇನೆ. ಎಡಗಿವಿ ನಿಧಾನ, ಇಳಿಯುವಾಗ ಕಾಯಬೇಕಾಗಬಹುದು. ಸೆಳೆತಕ್ಕೆ ಎದುರು ಈಜಿದರೆ ಗಾಳಿ ಬೇಗ ಮುಗಿಸುತ್ತೇನೆ. ಇಷ್ಟು ತಿಂಗಳಿಂದ ನೀರಿಗಿಳಿದಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಎದುರಿನವರೂ ಶುರುಮಾಡುತ್ತಾರೆ. ಒಬ್ಬರು ಮಗು ಹುಟ್ಟಿದ ಮೇಲೆ ಇದೇ ಮೊದಲು ಎನ್ನುತ್ತಾರೆ. ಇನ್ನೊಬ್ಬರು ರಾತ್ರಿಯ ಡೈವ್ ಎಂದರೆ ಭಯ ಎನ್ನುತ್ತಾರೆ. ಎಷ್ಟೋ ಅನುಭವಿ ಎನಿಸಿದ್ದ ಮತ್ತೊಬ್ಬರು ಈ ಬಿಸಿಡಿ ನಿನ್ನೆ ಮಾಲೆಯಲ್ಲಿ ಕೊಂಡದ್ದು ಎಂದು ಮೆಲ್ಲನೆ ಹೇಳುತ್ತಾರೆ. ಗೈಡ್ ಅಲ್ಲೇ ಇದ್ದರೆ ಕೇಳಿಸಿಕೊಂಡು, ಗುಂಪುಗಳನ್ನು ಮತ್ತೆ ಹಂಚಿ, ಚೆಕ್ ಡೈವಿಗೆ ಸೀಸದ ಪೆಟ್ಟಿಗೆಯನ್ನು ದೋಣಿಯ ಮಧ್ಯಕ್ಕೆ ತಂದಿಡಲು ಹುಡುಗರಿಗೆ ಹೇಳುತ್ತಾನೆ.